ಗಾಡಿಯ ಮೇಲಿನ ಮಾತು

ನಮ್ಮ ಮನೆಗೆ ಮೋಟಾರ್ ಸೈಕಲ್ ಬರುವವರೆಗೆ ನಮ್ಮವ್ವ ಮಾತುಗಾರ್ತಿ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಾಗಲು ದಾರಿಯೂ ಇರಲಿಲ್ಲ. ಚಾಮರಾಜಪುರಂನ ನಮ್ಮ ಮನೆಯಲ್ಲಿ ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವ ಹಾಗಿರಲಿಲ್ಲ. ಹಿರಿಯರು ಅಂದರೆ ಅಜ್ಜಿ, ಅಪ್ಪಾಜಿಯ ತಾಯಿ. ಆಕೆಯ ಕಣ್ಣಿಗೆ ಬೀಳದ ಜಾಗ ಆ ಮನೆಯಲ್ಲಿ ಇರಲಿಲ್ಲ. ಮನೆ ಉದ್ದಕ್ಕೆ ರೈಲು ಡಬ್ಬಿಯ ಹಾಗಿತ್ತು. ಬೀದಿಗೆ ಜಗಲಿ, ಅದರ ಹಿಂದೆ ಹಜಾರ, ಆಮೇಲೆ ನಡುಮನೆ, ಅದರಾಚೆ ಅಡಿಗೆಮನೆ, ಕೊನೆಗೆ ಹಿತ್ತಿಲು. ಬಾಗಿಲುಗಳೆಲ್ಲ ಒಂದೇ ನೇರಕ್ಕಿದ್ದವು. ಅಜ್ಜಿಯ ಮಂಚವನ್ನು ನಡುಮನೆಯಲ್ಲಿ ಯಾರು ಹಾಕಿದರೋ, ಲೆಕ್ಕ ಹಾಕಿಯೇ ಹಾಕಿದ್ದರು. ದಿಂಬಿಗೆ ಒರಗಿ ಕೂತರೆ ಎಡಕ್ಕೆ ಬೀದಿಯಲ್ಲಿ ಹೋಗುವ ಸೊಪ್ಪಿನವಳು, ಬಲಕ್ಕೆ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಸೊಸೆ ಇಬ್ಬರೂ ಕಾಣುತ್ತಿದ್ದರು. ಅಜ್ಜಿಗೆ ಉಬ್ಬಸ ಬೇರೆ. ಬೆನ್ನು ನೀವಲು ಒಂದು ಕೈ ಸದಾ ಹತ್ತಿರ ಬೇಕು ಎಂದು ಅವ್ವನ ಚಾಪೆ ಆ ಮಂಚದ ಪಕ್ಕದಲ್ಲೇ, ಅದರ ಪಕ್ಕಕ್ಕೆ ನನ್ನದು. ಅಪ್ಪಾಜಿ ಮಲಗುತ್ತಿದ್ದುದು ಹಜಾರದಲ್ಲಿ. ಉಬ್ಬಸ ಶುರುವಾದದ್ದು ನಾನು ಹುಟ್ಟಿದ ಮೇಲಂತೆ. ಅದು ನನ್ನ ಪುಣ್ಯ.

ಹಾಗೆಂದು ಅವರಿಬ್ಬರಿಗೆ ಜಗಳವೇನೂ ಇರಲಿಲ್ಲ. ಬೆಳಿಗ್ಗೆ ಎಲ್ಲರೂ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಅವರವರ ಇಷ್ಟಲಿಂಗಕ್ಕೆ ಪೂಜೆ ಮಾಡಿಕೊಂಡ ಮೇಲೆ ತಿಂಡಿ. ಅಜ್ಜಿಯ ಪೂಜೆ ಮುಗಿಯುವ ಹೊತ್ತಿಗೆ ಉಪ್ಪಿಟ್ಟು ತಣ್ಣಗಾಗಿರುತ್ತಿತ್ತು. ಆಮೇಲೆ ಅಪ್ಪಾಜಿ ದೇವರಾಜ ಮೊಹಲ್ಲಾದ ಅಂಗಡಿಗೆ ಹೊರಡಬೇಕು. ವಿಭೂತಿ ಗಟ್ಟಿ, ರುದ್ರಾಕ್ಷಿ, ಹಿತ್ತಾಳೆ ದೀಪ, ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆ ಇವೆಲ್ಲ ಮಾರುವ ಅಂಗಡಿ ನಮ್ಮದು. ಮಠಗಳಿಗೆ ಸಾಮಾನು ಹೋಗುತ್ತಿದ್ದುದೂ ಅಲ್ಲಿಂದಲೇ. ಅಪ್ಪಾಜಿ ತಟ್ಟೆಯ ಮುಂದೆ ಕೂತಿರುವಾಗ ಅವ್ವ ಕೈಗೆಟಕುವಷ್ಟು ದೂರದಲ್ಲಿ ನಿಂತು, ನನ್ನ ಕಡೆ ತಿರುಗಿ ಹೇಳುವಳು.

"ಮಗಾ, ನಿಮ್ಮಪ್ಪಾಜಿಗೆ ಹೇಳು, ಎಣ್ಣೆ ಮುಗೀತು ಅಂತ."

ಅಪ್ಪಾಜಿಯೂ ನನ್ನನ್ನೇ ನೋಡುತ್ತಾ ಉತ್ತರ ಕೊಡುವರು.

"ನಿಮ್ಮವ್ವಂಗೆ ಹೇಳು, ಸಾಯಂಕಾಲ ತರ್ತೀನಿ."

ನಾನು ಅತಿ ಬುದ್ಧಿವಂತೆ. ಇಬ್ಬರಿಗೂ ಕೇಳಿಸಿದ್ದನ್ನೇ ಇನ್ನೊಂದು ಸಲ ಗಟ್ಟಿಯಾಗಿ ಕೂಗಿ ಒಪ್ಪಿಸುತ್ತಿದ್ದೆ. ಮಂಚದ ಮೇಲಿಂದ ಅಜ್ಜಿ ತಲೆದೂಗುವಳು. ಅಜ್ಜಿಯನ್ನು ರಾಕ್ಷಸಿ ಮಾಡಿಬಿಟ್ಟರೆ ನನ್ನ ಕೆಲಸ ಹಗುರವಾಗುತ್ತದೆ, ಆದರೆ ಅವಳು ಹಾಗಿರಲಿಲ್ಲ. ಕಷ್ಟ ಎಂದು ಬಂದವರಿಗೆ ಮಡಿಲು ತುಂಬ ಅಕ್ಕಿ ಹಾಕಿ ಕಳಿಸುವ ಹೆಂಗಸು. ತಾನು ಬದುಕಿದ ರೀತಿ ಬಿಟ್ಟರೆ ಇನ್ನೊಂದು ರೀತಿ ಇದೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಒಮ್ಮೆ ನನ್ನ ತಲೆ ಬಾಚುತ್ತಾ ತನ್ನ ಗಂಡನ ವಿಷಯ ಹೇಳಿದ್ದಳು, ಅದೂ ಹೆಮ್ಮೆಯಿಂದ.

"ನಮ್ ಯಜಮಾನ್ರ ಮೊಖ ನಾನು ನೆಟ್ಟಗ್ ನೋಡಿದ್ದು ಅವ್ರು ತೀರೋದ್ ದಿನ ಕಣವ್ವ. ಗ್ವಾಡೆಗ್ ಒರಗ್ಸಿ ಕೂರ್ಸಿದ್ರಲ್ಲ, ಆಗ. ಬಲಗಡೆ ಕಣ್ಣುಬ್ಬಿನ್ ಮ್ಯಾಲೆ ಒಂದ್ ಮಚ್ಚೆ ಇತ್ತು. ಆವತ್ತೇ ಕಂಡಿದ್ದು."

ಇಂಥ ಮನೆಗೆ ಒಂದು ದಿನ ಮೆರೂನ್ ಬಣ್ಣದ ಮೋಟಾರ್ ಸೈಕಲ್ ಬಂತು. ನಮ್ಮೂರಿನಲ್ಲೇ ತಯಾರಾಗುತ್ತಿದ್ದ ಗಾಡಿ. ಸ್ಟಾರ್ಟ್ ಮಾಡುವ ಕಿಕ್ಕರ್ರನ್ನೇ ಒಳಕ್ಕೆ ಒತ್ತಿ ಮಡಚಿದರೆ ಗೇರ್ ಆಗುತ್ತಿದ್ದ ಆ ಗಾಡಿಯನ್ನು ಮೈಸೂರಿನ ನನ್ನ ವಯಸ್ಸಿನವರು ಯಾರೂ ಮರೆತಿರಲಾರರು. ಅಪ್ಪಾಜಿಗೆ ಅದರ ಮೇಲೆ ಹುಚ್ಚು ಪ್ರೀತಿ. ಬೀದಿಯಲ್ಲಿ ಬಿಟ್ಟರೆ ದೃಷ್ಟಿಯಾಗುತ್ತದೆ, ಧೂಳಾಗುತ್ತದೆ ಎಂದು ಜಗಲಿಗೆ ಹಲಗೆ ಇಟ್ಟು, ಸಾಯಂಕಾಲ ಅಂಗಡಿಯಿಂದ ಬಂದೊಡನೆ ಹಜಾರದೊಳಕ್ಕೇ ತಳ್ಳಿ ನಿಲ್ಲಿಸುವರು. ಬೆಳಿಗ್ಗೆ ತಮ್ಮ ಹಣೆಗೆ ಇಟ್ಟ ವಿಭೂತಿಯಲ್ಲಿ ಉಳಿದದ್ದನ್ನು ಅದರ ಹೆಡ್‌ಲೈಟಿಗೂ ಎಳೆಯುವರು. ಮನೆಯೆಲ್ಲ ವಿಭೂತಿ, ಒಗ್ಗರಣೆ, ಪೆಟ್ರೋಲು ಬೆರೆತ ಒಂದು ವಾಸನೆ. ಪೆಟ್ರೋಲಿನಿಂದ ಉಬ್ಬಸ ಹೆಚ್ಚುತ್ತದೆ ಎಂದು ಅಜ್ಜಿ ರಂಪ ಮಾಡಿದಳು, ಊಟ ಬಿಟ್ಟಳು. ಅಪ್ಪಾಜಿ ತಾಯಿಯ ಮಾತು ಮೀರಿದ್ದು ನಾನು ಕಂಡಂತೆ ಅದೊಂದೇ ಸಲ. ಕೊನೆಗೆ ಅಜ್ಜಿಯೇ ಸೋತು, ಹಾಗಾದರೆ ಬೆಟ್ಟಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು ಬಾ ಎಂದಳು. ನಾವು ಶಿವನ ಒಕ್ಕಲು, ನಿಜ. ಆದರೆ ಮೈಸೂರಿನಲ್ಲಿ ಹೊಸ ಗಾಡಿ ತಂದವನು ಯಾವ ಮತದವನಾದರೂ ಮೊದಲು ಚಾಮುಂಡಿ ಬೆಟ್ಟ ಹತ್ತಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸಬೇಕು. ಪೂಜೆಗೆ ದಂಪತಿ ಇರಬೇಕು ಎಂದು ಅಜ್ಜಿಯೇ ಹೇಳಿದಳು. ತನ್ನ ಬಾಯಿಂದ ಏನು ಅಪ್ಪಣೆ ಹೊರಟಿತು ಎಂದು ಪಾಪ, ಅವಳಿಗೆ ಗೊತ್ತಾಗಲಿಲ್ಲ.

ಪೆಟ್ರೋಲ್ ಟ್ಯಾಂಕಿನ ಮೇಲೆ ಟವಲು ಮಡಿಸಿ ಹಾಕಿ ನನ್ನನ್ನು ಕೂರಿಸಿದರು. ಅವ್ವ ಹಿಂದೆ, ಒಂದೇ ಕಡೆ ಕಾಲು ಇಳಿಬಿಟ್ಟು, ಅಪ್ಪಾಜಿಯನ್ನು ಮುಟ್ಟದೆ ಸೀಟಿನ ಕಂಬಿ ಹಿಡಿದುಕೊಂಡಿದ್ದಳು. ಊರು ದಾಟುವವರೆಗೆ ಮಾತಿಲ್ಲ. ಬೆಟ್ಟದ ರಸ್ತೆ ಹಿಡಿದು, ಮೊದಲ ತಿರುವು ಕಳೆದು, ಮರಗಳು ಶುರುವಾದವು. ಆಗ ನನ್ನ ಹಿಂದೆ, ಅಪ್ಪಾಜಿಯ ಬೆನ್ನಿನ ಆಚೆಯಿಂದ ಒಂದು ದನಿ ಬಂತು.

"ರೀ."

ಅಪ್ಪಾಜಿ ಏನೋ ಅನಾಹುತವಾಯಿತು ಎಂದು ಗಾಡಿ ನಿಲ್ಲಿಸಿಯೇಬಿಟ್ಟರು.

"ನಿಲ್ಲಿಸ್ಬೇಡ್ರೀ, ಏನಾಗಿಲ್ಲ. ಸುಮ್ನೆ ಕರೆದೆ. ಹೋಗ್ತಾ ಇರಿ."

ಗಾಡಿ ಮತ್ತೆ ಹೊರಟಿತು. ಅವ್ವ ಮಾತಿಗೆ ಶುರುಮಾಡಿದಳು. ದೇವರೇ, ಏನು ಮಾತು! ಎದುರುಮನೆಯ ಸರೋಜಮ್ಮ ಹಾಲಿನವನ ಹತ್ತಿರ ಜಗಳವಾಡಿದ್ದು, ಅಜ್ಜಿ ನಶ್ಯ ಏರಿಸಿ ಸೀನು ಬರದೆ ಒದ್ದಾಡುವುದು, ಮಠದಿಂದ ಬಂದ ಚಿಕ್ಕ ಸ್ವಾಮಿ ಮರಿದೇವರು ಪಾಯಸಕ್ಕೆ ಮೂರನೇ ಸಲ ಬಟ್ಟಲು ಒಡ್ಡಿ ಆಕಾಶ ನೋಡಿದ್ದು. ಎಲ್ಲರ ದನಿಯನ್ನೂ ತೆಗೆದು ಅಣಕಿಸುತ್ತಿದ್ದಳು. ಅಪ್ಪಾಜಿ ನಕ್ಕರೆ ಅವರ ಹೊಟ್ಟೆ ನನ್ನ ಬೆನ್ನಿಗೆ ತಾಗಿ ಕುಲುಕುತ್ತಿತ್ತು. ಮನೆಯಲ್ಲಿ ಸೆರಗು ಹೊದ್ದು, ಗೋಡೆಯ ಪಕ್ಕ ನಡೆಯುವ ಹೆಂಗಸು ಇವಳೇ ಏನು ಎಂದು ನಾನು ತಿರುಗಿ ನೋಡಲು ಹೋಗಿ ಅಪ್ಪಾಜಿಯ ಕೈಲಿ ಬೈಸಿಕೊಂಡೆ. ಅಷ್ಟು ಸಂತೋಷ ನನಗೆ ಆಮೇಲೆ ಯಾವತ್ತೂ ಆಗಿಲ್ಲ. ಮದುವೆಯ ದಿನವೂ ಆಗಲಿಲ್ಲ, ಮಗ ಹುಟ್ಟಿದಾಗಲೂ ಆಗಲಿಲ್ಲ.

ಅಲ್ಲಿಂದ ಮುಂದೆ ನಮ್ಮವ್ವನಷ್ಟು ಭಕ್ತಿವಂತೆ ಆ ಬೀದಿಯಲ್ಲೇ ಇಲ್ಲವಾಯಿತು. ಅಜ್ಜಿಯ ಉಬ್ಬಸ ಇಳಿಯಲಿ ಎಂದು ಒಂದು ಹರಕೆ, ಅಂಗಡಿ ಬೆಳೆಯಲಿ ಎಂದು ಒಂದು, ನನಗೆ ನೆಗಡಿಯಾದರೆ ಅದಕ್ಕೊಂದು. ಎಲ್ಲಕ್ಕೂ ಬೆಟ್ಟದ ದೇವಿಯೇ ಆಗಬೇಕು. ಮಂಗಳವಾರ, ಶುಕ್ರವಾರ ಬಂತೆಂದರೆ ಅಪ್ಪಾಜಿ ಅಂಗಡಿಯಿಂದ ಬೇಗ ಬರುವರು. ದೇವರ ಹೆಸರು ಎತ್ತಿದ ಮೇಲೆ ಅಜ್ಜಿ ಬೇಡ ಎನ್ನಲಾರಳು. ಒಂದು ಸಂಗತಿ ಮಾತ್ರ ಆಗ ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಮೇಲೆ ಹೋಗಿ ಗಾಡಿ ನಿಲ್ಲಿಸಿದ ಕೂಡಲೇ ಅವರಿಬ್ಬರ ಮಾತು ನಿಂತುಹೋಗುವುದು. ಊರು ಕಾಣುವ ಕಟ್ಟೆಯ ಮೇಲೆ ಚುರುಮುರಿ ಪೊಟ್ಟಣ ಹಿಡಿದು ಕೂತರೆ ಅವ್ವ ಮತ್ತೆ ಅದೇ ಮನೆಯ ಅವ್ವ. "ಮಗಾ, ನಿಮ್ಮಪ್ಪಾಜಿಗೆ ನೀರು ಬೇಕಾ ಕೇಳು." ಅಲ್ಲಿ ಅಜ್ಜಿ ಇರಲಿಲ್ಲ, ಸುತ್ತ ಗುರುತಿನವರು ಯಾರೂ ಇರಲಿಲ್ಲ. ಆದರೂ ಆಗುತ್ತಿರಲಿಲ್ಲ. ಗಂಡನ ಮುಖ ನೋಡುತ್ತಾ ಮಾತಾಡುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಗಾಡಿ ಹೊರಟು, ಅಪ್ಪಾಜಿಯ ಬೆನ್ನು ಅವಳ ಕಡೆಗಾಗಿ, ಎಂಜಿನ್ನಿನ ಸದ್ದು ಎದ್ದ ಮೇಲೆ ಬಿಟ್ಟ ಜಾಗದಿಂದ ಶುರು. ಆ ಕಾಯಿಲೆ ನನಗೂ ಅಂಟಿದೆ. ನನ್ನ ಗಂಡ ಬದುಕಿದ್ದಷ್ಟು ದಿನವೂ ನಾನು ಮುಖ್ಯವಾದ ಮಾತನ್ನೆಲ್ಲ ಅವರು ಆ ಕಡೆ ತಿರುಗಿ ಕ್ಷೌರ ಮಾಡಿಕೊಳ್ಳುವಾಗಲೇ ಹೇಳಿದ್ದು. ಏನೇ ನೀನು, ಕಳ್ಳಿ ಹಾಗೆ ಹಿಂದಿನಿಂದ ಬರ್ತೀಯ ಎಂದು ಅವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಮೊನ್ನೆ ಒಬ್ಬ ಹುಡುಗ ಮನೆಗೆ ಬಂದಿದ್ದ. ಹಳೆಯ ಗಾಡಿಗಳನ್ನು ಹುಡುಕಿ, ರಿಪೇರಿ ಮಾಡಿಸಿ, ಸಾಲಾಗಿ ಅರಮನೆಯ ಸುತ್ತ ಓಡಿಸುವ ಗುಂಪೊಂದಿದೆಯಂತೆ. ನಮ್ಮ ಮನೆಯಲ್ಲಿ ಅಂಥದೊಂದು ಇತ್ತು ಎಂದು ಯಾರೋ ಹೇಳಿದ್ದಾರೆ.

"ಆಂಟಿ, ಫಸ್ಟ್ ಬೈಕಿನ ಸವಿನೆನಪು ಒಂದೆರಡು ಹೇಳಿ, ವೀಡಿಯೊ ಮಾಡ್ಕೊಳ್ತೀನಿ."

ಇಲ್ಲಿಯವರೆಗಿನದನ್ನು ಹೇಳಿ, ಕಾಫಿ ಕೊಟ್ಟು ಕಳಿಸಿದೆ. ತುಂಬಾ ಕ್ಯೂಟಾಗಿದೆ ಆಂಟಿ ಎಂದ. ಗಾಡಿ ಏನಾಯಿತು ಎಂದು ಕೇಳಿದ್ದಕ್ಕೆ, ಹಜಾರದಲ್ಲೇ ತುಕ್ಕು ಹಿಡಿದು ಹೋಯಿತು, ಅಜ್ಜಿ ಅದರ ಸೈಡ್‌ಕಾರಿನಲ್ಲಿ ಈರುಳ್ಳಿ ಹರವುತ್ತಿದ್ದಳು ಎಂದೆ. ಸೈಡ್‌ಕಾರ್ ಬೇರೆ ಇತ್ತಾ ಎಂದು ಅವನ ಕಣ್ಣು ಅರಳಿತು. ಅದು ಸವಿನೆನಪಿಗೆ ಸೇರುವುದಲ್ಲ ಕಣಪ್ಪ ಎನ್ನಬೇಕೆಂದುಕೊಂಡೆ, ಅನ್ನಲಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ.

ಒಂದು ಶುಕ್ರವಾರ ಬೆಟ್ಟ ಇಳಿದು ಬರುವಾಗ, ಕೊನೆಯ ತಿರುವಿನಲ್ಲಿ, ಅವ್ವನ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿತು. ಅಪ್ಪಾಜಿ ತಕ್ಷಣ ಬ್ರೇಕು ಹಾಕಿದ್ದರಿಂದ ಉಳಿದಳು. ಮೊಣಕೈ, ಭುಜ ತರಚಿ ರಕ್ತ ಬಂದಿತ್ತು. ಬಾಳೆಹಣ್ಣು ಮಾರುವ ಹೆಂಗಸೊಬ್ಬಳು ಓಡಿಬಂದು ಚಕ್ರದ ಕಡ್ಡಿಗಳ ನಡುವಿನಿಂದ ಸೀರೆಯನ್ನು ಹರಿದು ತೆಗೆದಳು. ಅವ್ವ ರಸ್ತೆಯ ಧೂಳಿನಲ್ಲಿ ಕೂತು ನಗುತ್ತಿದ್ದಳು. ಅಪ್ಪಾಜಿ ಗಾಡಿಗೆ ಒರಗಿ ನಿಂತುಬಿಟ್ಟಿದ್ದರು. ಆಮೇಲೆ ಬೆಟ್ಟಕ್ಕೆ ಹೋಗುವುದು ನಿಂತಿತು. ಹರಕೆ ಬಾಕಿ ಇದೆ ಎಂದು ಅವ್ವ ನನ್ನ ಮೂಲಕ ಹೇಳಿಸಿದಳು. ಅಪ್ಪಾಜಿ ಬೇಡವೆಂದು ತಲೆಯಾಡಿಸಿದರು. ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಬೀದಿಯಲ್ಲಿ ಹಾರ್ನ್ ಕೇಳಿ ಎಲ್ಲರೂ ಹೊರಗೆ ಬಂದೆವು. ಗಾಡಿಯ ಪಕ್ಕಕ್ಕೆ ಇನ್ನೊಂದು ಚಕ್ರ, ಅದರ ಮೇಲೆ ಅದೇ ಮೆರೂನ್ ಬಣ್ಣ ಬಳಿದ ಒಂದು ತೊಟ್ಟಿ. ಒಳಗೆ ದಪ್ಪ ಮೆತ್ತೆ, ಹಿಡಿದುಕೊಳ್ಳಲು ಕಂಬಿ. ವೆಲ್ಡಿಂಗ್ ಶೆಡ್ಡಿನಲ್ಲಿ ತಾವೇ ನಿಂತು ಮಾಡಿಸಿದ್ದರು. ಅಪ್ಪಾಜಿಯ ಮುಖದಲ್ಲಿ ಅಂಥ ಬೆಳಕನ್ನು ನಾನು ಆಮೇಲೆ ಕಾಣಲಿಲ್ಲ. ಅವ್ವನಿಗೆಂದೇ ತಂದದ್ದನ್ನು ಅವ್ವನಿಗೆ ಹೇಳಲಾರದೆ ನನಗೆ ಹೇಳಿದರು.

"ನಿಮ್ಮವ್ವಂಗೆ ಹೇಳು ಮಗಾ, ಇನ್ಮೇಲೆ ಬೀಳೋ ಭಯ ಇಲ್ಲ ಅಂತ."

ಅವ್ವ ಬಾಗಿಲಿನ ಹಿಂದೆ ನಿಂತು ಆ ತೊಟ್ಟಿಯನ್ನೇ ನೋಡುತ್ತಿದ್ದಳು. ಅದು ನೆಲಕ್ಕೆ ಎಷ್ಟು ತಗ್ಗು, ಅಪ್ಪಾಜಿಯ ಕಿವಿಯಿಂದ ಎಷ್ಟು ದೂರ ಎಂದು ಅವಳಿಗೆ ಒಂದೇ ನೋಟಕ್ಕೆ ತಿಳಿದಿರಬೇಕು. ಅಷ್ಟರಲ್ಲಿ ಅಜ್ಜಿ ಕೋಲೂರಿಕೊಂಡು ಮೆಟ್ಟಿಲು ಇಳಿದು ಬಂದು, ಯಾರ ಕೈಯನ್ನೂ ಹಿಡಿಯದೆ ಅದರೊಳಗೆ ಕೂತಾಗಿತ್ತು.

"ಏ, ಪಲ್ಲಕ್ಕಿ ಇದ್ದಂಗದೆ ಕಣ್ಲಾ! ನಡಿ, ನಾನೂ ಬತ್ತೀನಿ ಬೆಟ್ಟಕ್ಕೆ. ಏಸ್ ವರ್ಸ ಆಯ್ತು ತಾಯಿ ಮೊಖ ನೋಡಿ!"

ಅಜ್ಜಿ ಬೀದಿಯವರಿಗೆಲ್ಲ ಕೈ ಬೀಸುತ್ತಾ ಹೋದಳು. ಮಂಚ ಬಿಟ್ಟು ಹೊರಗೆ ಬಾರದವಳು ಅಂಗಡಿಬೀದಿ ನೋಡಿದಳು, ಅರಮನೆಯ ದೀಪ ನೋಡಿದಳು. ಅವಳ ಪಕ್ಕದಲ್ಲೇ ಒತ್ತಿಕೊಂಡು, ಅವಳು ವಾಲದ ಹಾಗೆ ಹಿಡಿದುಕೊಂಡು ಅವ್ವ ಕೂತಿರುತ್ತಿದ್ದಳು. ಅಪ್ಪಾಜಿಯ ಹಿಂದಿನ ಸೀಟು ನನಗೆ ಬಂತು. ಅಲ್ಲಿಂದ ಎಷ್ಟು ಬೇಕಾದರೂ ಮಾತಾಡಬಹುದಿತ್ತು, ನನ್ನ ಹತ್ತಿರ ಇದ್ದದ್ದು ಮಗ್ಗಿ ಮಾತ್ರ. ಬೆಟ್ಟದ ದಾರಿಯ ಉದ್ದಕ್ಕೂ ಮಗ್ಗಿ ಒಪ್ಪಿಸುತ್ತಿದ್ದೆ. ಅಪ್ಪಾಜಿ ಕೆಟ್ಟವರಾಗಿದ್ದರೆ ನನ್ನ ಹೊಟ್ಟೆಯುರಿಗೆ ಒಂದು ಗುರಿಯಾದರೂ ಇರುತ್ತಿತ್ತು. ಹೆಂಡತಿ ಬೀಳಬಾರದು ಎಂದು ಇಷ್ಟೆಲ್ಲ ಮಾಡಿದ ಮನುಷ್ಯನನ್ನು ಏನೆಂದು ಬೈಯಲಿ? ಬೇಕೋ ಬೇಡವೋ ಎಂದು ಅವಳನ್ನು ಒಂದು ಮಾತು ಕೇಳಬಹುದಿತ್ತು ಎಂದರೆ, ಕೇಳುವುದು ನಮ್ಮ ಮನೆಯಲ್ಲಿ ಇರಲೇ ಇಲ್ಲವಲ್ಲ.

ಆ ದೀಪಾವಳಿಯ ಎಣ್ಣೆಸ್ನಾನದ ದಿನ ಅವ್ವನಿಗೆ ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತ್ತು. ಇದು ನನಗೆ ತಿಳಿದದ್ದು ಬಹಳ ತಡವಾಗಿ, ಆಸ್ಪತ್ರೆಯ ಡಾಕ್ಟರಮ್ಮ ಕೇಳಿದಾಗ ಅವಳು ಹೇಳಿದ್ದರಿಂದ. ತಿಳಿದ ಮೇಲೆ ಹಿಂದಿನದೆಲ್ಲ ಒಂದೊಂದಾಗಿ ಅರ್ಥವಾಯಿತು. ತವರಿನಲ್ಲಿ ತಾಯಿ ಇರಲಿಲ್ಲ. ಎದೆಯ ಮಾತನ್ನು ಅತ್ತೆಯ ಹತ್ತಿರ ಆಡುವ ಮನೆ ನಮ್ಮದಲ್ಲ. ಹೇಳಬೇಕಾದದ್ದು ಗಂಡನಿಗೇ. ತೊಟ್ಟಿಯಲ್ಲಿ ಕೂತರೆ ತಲೆ ಸುತ್ತುತ್ತದೆ, ಮೊದಲಿನ ಹಾಗೆ ಹಿಂದೆ ಕೂರುತ್ತೇನೆ ಎಂದು ಅವಳು ಮತ್ತೆ ಮತ್ತೆ ಹೇಳಿಸಿದಳು.

"ಬೀಳೋದೇ ಬೇಕಾ ನಿಂಗೆ?" ಎಂದಳು ಅಜ್ಜಿ. "ಮಗೀನ್ ತಬ್ಬಲಿ ಮಾಡ್ಬುಟ್ಟು ಓಗ್ಬೇಕು ಅಂತಿದೀಯಾ? ಸುಮ್ಕೆ ನನ್ ಪಕ್ಕ ಕೂತ್ಕೊ."

"ನಿಮ್ಮವ್ವಂಗೆ ಹೇಳು, ತೊಟ್ಟೀಲೇ ಕೂತ್ಕೊಳ್ಲಿ, ಅದೇ ಸೇಫು," ಎಂದರು ಅಪ್ಪಾಜಿ.

ಇನ್ನೊಂದು ದಿನ, ಅಪ್ಪಾಜಿ ತಿಂಡಿಗೆ ಕೂತಿದ್ದಾಗ, ಅವ್ವ ದೋಸೆ ಹಾಕಿದ ಮೇಲೆ ಒಳಗೆ ಹೋಗದೆ ನಿಂತಳು. ನನ್ನ ಕಡೆ ತಿರುಗಿದಳು.

"ಮಗಾ, ನಿಮ್ಮಪ್ಪಾಜಿಗೆ ಹೇಳು..."

ನಾನು ಬಾಯಿ ತೆರೆದು ಕಾದೆ. ಅಪ್ಪಾಜಿಯೂ ತುತ್ತು ಹಿಡಿದು ಕಾದರು. ನಡುಮನೆಯಲ್ಲಿ ಅಜ್ಜಿ ಜಪ ನಿಲ್ಲಿಸಿ ಕಾದಳು. ಅವ್ವ ನನ್ನ ಮುಖವನ್ನೇ ನೋಡಿದಳು. ಹಾಲುಹಲ್ಲು ಬಿದ್ದು ಬಾಯಿ ಬೊಕ್ಕಾಗಿದ್ದ ಮಗುವಿನ ಬಾಯಲ್ಲಿ ಆ ಮಾತು ಹೇಗೆ ಕಳಿಸಿಯಾಳು?

"ಏನಿಲ್ಲ ಬುಡು. ಚಟ್ನಿ ಬೇಕಾ ಕೇಳು."

ಒಂದೇ ಒಂದು ಸಲ ಅವಕಾಶ ಬಂದಿತ್ತು. ನಾನು ಹಜಾರದ ಮೂಲೆಯಲ್ಲಿ ಕೂತು ಕಾಪಿ ಬರೆಯುತ್ತಿದ್ದೆ. ಅಜ್ಜಿ ಸ್ನಾನದ ಮನೆಯಲ್ಲಿದ್ದಳು, ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು. ಅಪ್ಪಾಜಿ ಬಾಗಿಲಿಗೆ ಬೆನ್ನು ಮಾಡಿ, ಕುಕ್ಕರಗಾಲಲ್ಲಿ ಕೂತು ಚಕ್ರ ಒರೆಸುತ್ತಿದ್ದರು. ಅವ್ವ ಕಾಫಿ ಲೋಟ ಹಿಡಿದು ಬಂದವಳು ಅವರ ಹಿಂದೆ ನಿಂತಳು. ಸೆರಗನ್ನು ಎದೆಯ ಮೇಲೆ ಎಳೆದುಕೊಂಡಳು. ಆಮೇಲೆ, ಬೆಟ್ಟದ ರಸ್ತೆಯ ಆ ದನಿಯಲ್ಲಿ ಕರೆದಳು.

"ರೀ."

ಅಪ್ಪಾಜಿ ತಿರುಗಿ ನೋಡಿದರು. ಮನೆಯೊಳಗೆ ಆ ದನಿ ಕೇಳಿದ ಸಂತೋಷಕ್ಕೆ ಅವರ ಮುಖವೆಲ್ಲ ನಗುವಾಗಿತ್ತು. ತಿರುಗದೆ ಇದ್ದಿದ್ದರೆ, ಚಕ್ರ ಒರೆಸುತ್ತಲೇ ಏನೇ ಎಂದು ಕೇಳಿದ್ದಿದ್ದರೆ, ಅವಳು ಹೇಳಿಬಿಡುತ್ತಿದ್ದಳು. ಇದನ್ನು ನಾನು ದೇವರ ಮೇಲೆ ಆಣೆಯಿಟ್ಟು ಹೇಳಬಲ್ಲೆ. ಮುಖ ಕಂಡ ತಕ್ಷಣ ಅವ್ವನ ಕಣ್ಣು ನೆಲಕ್ಕಿಳಿಯಿತು.

"ಕಾಫಿ ಆರೋಗತ್ತೆ," ಎಂದು ಲೋಟ ನೆಲದ ಮೇಲಿಟ್ಟು ಒಳಗೆ ಹೋದಳು.

ಅವಳು ಅರಿಶಿನ ಅರೆದು ರವಿಕೆಯೊಳಗೆ ಹಚ್ಚಿಕೊಳ್ಳತೊಡಗಿದಳು. ಹೆಂಗಸರು ಅರಿಶಿನ ಹಚ್ಚಿಕೊಂಡರೆ ಯಾರು ಏನು ಕೇಳುತ್ತಾರೆ? ಅಡಿಗೆ ನಡೆಯಿತು, ಪೂಜೆ ನಡೆಯಿತು, ಬೆಟ್ಟಕ್ಕೆ ಹೋಗಿ ಬರುವುದೂ ನಡೆಯಿತು. ದಿಂಡಿನ ಹಾಗಿದ್ದ ತೋಳು ಸಣಕಲಾಯಿತು. ಕೊನೆಗೆ ಕಂಡುಹಿಡಿದವಳು ಅಜ್ಜಿಯೇ. ತೊಟ್ಟಿಯಲ್ಲಿ ಪಕ್ಕಕ್ಕೆ ಕೂತವಳಿಗೆ ಅರಿಶಿನದ ಅಡಿಯಿಂದ ಬೇರೆ ವಾಸನೆ ಬಡಿದಿದೆ. ಮನೆಗೆ ಬಂದು ಕದ ಹಾಕಿ ಸೊಸೆಯ ರವಿಕೆ ಬಿಚ್ಚಿಸಿ ನೋಡಿದಳು. ಒಳಗಿನಿಂದ ಅಜ್ಜಿ ಅಳುವುದು ಕೇಳಿಸಿತು. ಹೊರಗೆ ಬಂದವಳು ಮಗನ ಎದುರು ಕುಸಿದು ಕೂತಳು. ಮಾತು ಹೊರಡದೆ ತನ್ನ ಎದೆಯನ್ನೇ ಮುಟ್ಟಿ ಮುಟ್ಟಿ ತೋರಿಸಿದಳು.

ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಅವ್ವನಿಗೆ ಕಿಟಕಿಯ ಪಕ್ಕದ ಮಂಚ ಸಿಕ್ಕಿತ್ತು. ಡಾಕ್ಟರಮ್ಮ ಅಪ್ಪಾಜಿಯನ್ನು ಹೊರಗೆ ಕರೆದು, ಇಷ್ಟು ದಿನ ಏನು ಮಾಡುತ್ತಿದ್ದಿರಿ, ಮನೆಯಲ್ಲಿ ಯಾರಿಗೂ ಕಣ್ಣಿರಲಿಲ್ಲವೇ ಎಂದು ಬೈದಳು. ಕಂಕುಳಿಗೂ ಇಳಿದಿದೆ, ಇನ್ನು ಕತ್ತರಿಸಿ ಪ್ರಯೋಜನವಿಲ್ಲ ಎಂದಳು. ಅಪ್ಪಾಜಿ ನನ್ನ ಕೈ ಹಿಡಿದುಕೊಂಡು ಒಳಗೆ ಬಂದರು. ಮಧ್ಯಾಹ್ನದ ಹೊತ್ತು, ನೋಡಲು ಬಂದವರಿಂದ ವಾರ್ಡು ತುಂಬಿತ್ತು. ಅವರು ನನ್ನನ್ನು ಪಕ್ಕಕ್ಕೆ ನಿಲ್ಲಿಸಿ, ಮಂಚದ ಹತ್ತಿರ ಹೋಗಿ, ಅವ್ವನ ಮುಖಕ್ಕೆ ಬಾಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

"ಯಾಕೆ ಹೇಳ್ಲಿಲ್ಲ ನೀನು? ನಂಗೊಂದ್ ಮಾತು ಯಾಕೆ ಹೇಳ್ಲಿಲ್ಲ?"

ಅವ್ವ ಕಣ್ಣು ತಗ್ಗಿಸಲಿಲ್ಲ. ಅವಳು ಅಪ್ಪಾಜಿಯ ಮುಖವನ್ನು ನೇರವಾಗಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಎಲ್ಲಿ ಹೇಳ್ಬೇಕಿತ್ತು ಹೇಳಿ?"

ಅವಳು ಜಗಳಕ್ಕೆ ಕೇಳಲಿಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿ, ಉತ್ತರಕ್ಕೆ ಕಾದಳು.